ಟೈರ್ ಮ್ಯಾಲಿನ ನಂಬರ್ ನೋಡಿ ಹವಾ ಹೊಡೀಬ್ಯಾಡ್ರಿ

ಸಂಪಾದಕರಿಗೆ ನಮಸ್ಕಾರ್ರೀ,

ರವಿವಾರ ಮುಂಜಾನೆ ಯಳ್ಳೂರ ಕಡೆ ಹೋದ್ರ ರಾಜಹಂಸಗಡದ ಗುಡ್ಡದ ಸುತ್ತ ದಪ್ಪ ಟೈರಿನ ಎಂಟಿಬಿ (ಗುಡ್ಡದಾಗ ಹೊಡಿಯೋ ಮೌಂಟೇನ್ ಬೈಕ್) ಸೈಕಲ್ ಹೊಡಿಯೋ ಹುಡುಗ್ರು ಕಾಣ್ತಾರ, ಛಲೋನ ಆತು, ಆದ್ರ ಅವರ ಟೈರ್ ಹೆಬ್ಬಟ್ಟಲೆ ಒತ್ತಿ ನೋಡಿದ್ರ ಕಲ್ಲು ಒತ್ತಿದಂಗ ಆಗ್ತೈತಿ.

ನಾನೂ ಮೊದ್ಲ ಹಂಗ ಇದ್ದೆ. ಪಂಕ್ಚರ್ ಅಂಗಡಿ ಹುಡುಗ ಟೈರ್ ಬಗಲಾಗ 65 ಪಿಎಸ್ಐ (ಹವಾದ ಒತ್ತಡದ ಅಳತಿ) ಅಂತ ಬರದದ್ದು ಓದಿ ಕಂಪ್ರೆಸರ್ ಹಚ್ಚಿ ಅಷ್ಟೂ ತುಂಬಿಬಿಟ್ಟ, ನನಗೂ ಖುಷಿ, ಡಾಂಬರ್ ರೋಡಿನ್ಯಾಗ ಸರ್ರ್ ಅಂತ ಹೋತು. ಗುಡ್ಡ ಇಳಿಯುವಾಗ ಕೆಂಪು ಗರಸಿನ ಮ್ಯಾಲೆ ತಿರುವಿನ್ಯಾಗ ಮುಂದಿನ ಗಾಲಿ ಹಿಂಗ ಜಾರಿತು ನೋಡ್ರಿ, ಮೊಣಕೈ ಸುಲದು ಹದಿನೈದು ದಿನ ಅಂಗಿ ತೋಳು ಮಡಚಾಕ ಬರಲಿಲ್ಲ. ಆ 65 ಅನ್ನೋದು ಟೈರ್ ತಡಕೊಳ್ಳೋ ಗರಿಷ್ಠ ಲೆಕ್ಕ, ಅಷ್ಟು ತುಂಬ್ರಿ ಅಂತ ಅಲ್ಲ. ಬಿಗಿ ಟೈರ್ ಕಲ್ಲಿಂದ ಕಲ್ಲಿಗೆ ಪುಟಿತೈತಿ, ಮೆತ್ತಗಿದ್ರ ಕಲ್ಲಿನ ಮ್ಯಾಲೆ ಒಂಚೂರು ಒಳಗ ಹೋಗಿ, ಅಗಲಾಗಿ ಕೂತು, ಟೈರ್ ಮ್ಯಾಲಿನ ರಬ್ಬರ್ ಉಬ್ಬುಗಳು ಮಣ್ಣು ಹಿಡಿತಾವ.

ಮತ್ತ ನಾ ಶಾಣ್ಯಾ ಆಗಾಕ ಹೋಗಿ 18ಕ್ಕ ಇಳಿಸಿದೆ. ಟ್ಯೂಬ್ ಇರೋ ಟೈರು, ಒಂದು ಚೂಪನ ಕಲ್ಲಿಗೆ ಹಿಂದಿನ ಗಾಲಿ ಬಡದದ್ದ ತಡ, ರಿಮ್ಮು ಕಲ್ಲಿನ ನಡುವ ಟ್ಯೂಬ್ ಸಿಕ್ಕಿ ಹಾವು ಕಚ್ಚಿದಂಗ ಎರಡು ತೂತು! ಪಂಪ್ ಇತ್ತು ಪ್ಯಾಚ್ ಇರಲಿಲ್ಲ, ಬಿಸಲಾಗ ಊರ ತನಕ ದೂಡಿಕೋತ ಬಂದೆ.

ಈಗ ನನ್ನ ತೂಕ 72 ಕೆಜಿ, ಟೈರ್ 2.25 ಇಂಚು, ಟ್ಯೂಬ್ ಐತಿ, ಮುಂದ 27 ಹಿಂದ 30 ಇಡ್ತೀನಿ, ಹಿಂದ ಮೈ ಭಾರ ಜಾಸ್ತಿ ಬೀಳ್ತೈತಲ್ಲ ಅದಕ್ಕ. ಮಳಿಗಾಲದಾಗ ಜಾಂಬೋಟಿ ಕಡೆ ರಾಡಿಗೆ ಹೋದ್ರ ಎರಡು ಪಾಯಿಂಟ್ ಕಡಿಮಿ. ಟ್ಯೂಬ್‌ಲೆಸ್ ಇದ್ದವರು ಇನ್ನೂ ಸ್ವಲ್ಪ ಇಳಿಸಬಹುದು, ತೆಳ್ಳಗಿನ ಹುಡುಗ್ರೂ ಇಳಿಸಬಹುದು, ನನಗಿಂತ ಭಾರ ಇದ್ದವರು ಏರಿಸಬೇಕು. ಎರಡೆರಡು ಪಾಯಿಂಟ್ ಬದಲಿ ಮಾಡಿ ಒಂದ ಹಾದಿ ಮೂರು ಸಲ ಹೊಡದ್ರ ಮೈಯ ಹೇಳ್ತೈತಿ: ರಿಮ್ ಟಕ್ ಅಂತ ಕಲ್ಲಿಗೆ ಬಡದ್ರ ಕಡಿಮಿ ಆತು, ಕೈ ಜುಮ್ ಅಂದ್ರ ಜಾಸ್ತಿ ಆತು.

ನನ್ನ ತಕರಾರು ಇಷ್ಟ. ಪೆಟ್ರೋಲ್ ಪಂಪಿನ ಹವಾ ಮಷೀನ್ ಕಾರಿನ ಸಲುವಾಗಿ ಇಟ್ಟದ್ದು, ಸೈಕಲ್ ಟೈರ್ ಕಣ್ಣ ಮುಚ್ಚಿ ತೆರಿಯೂದ್ರಾಗ ತುಂಬಿ ಹೋಗ್ತೈತಿ, ಎಷ್ಟಾತು ಅಂತ ಯಾರೂ ನೋಡಂಗಿಲ್ಲ. ಸಾವಿರಗಟ್ಲೆ ರೊಕ್ಕ ತಗೊಂಡು ಎಂಟಿಬಿ ಮಾರೋ ಅಂಗಡಿಯವ್ರು ಹವಾ ಎಷ್ಟೈತಿ ಅಂತ ತೋರಿಸೋ ಗೇಜ್ ಇರೋ ಒಂದು ಕೈಪಂಪ್ ತೋರಿಸಿ, ಗುಡ್ಡಕ್ಕ ಹೋಗೂದಿದ್ರ ಎಷ್ಟು ಹವಾ ಅಂತ ಕೊಂಡವ್ರಿಗೆ ಬಾಯಿಬಿಟ್ಟು ಹೇಳಬೇಕು. ತಮ್ಮ ಪೇಪರ್‌ನ್ಯಾಗ ಇದನ್ನ ಹಾಕ್ರಿ, ಪಂಕ್ಚರ್ ಅಂಗಡಿಯವ್ರೂ ಓದ್ತಾರ.

— ಒಬ್ಬ ಸೈಕಲ್ ಸವಾರ, ಬೆಳಗಾವಿ