ಮನೆ ನೋಡಲು ಜೂನಿನಲ್ಲಿ ಬಾ

ಮಂಗಳೂರು,
ಜನವರಿಯ ಒಂದು ಭಾನುವಾರ

ಪ್ರೀತಿಯ ಗೆಳೆಯನಿಗೆ,

ನೀನು ಕಳಿಸಿದ ಫೋಟೋ ನೋಡಿದೆ. ಸಸಿಹಿತ್ಲಿನ ಹೆಂಚಿನ ಮನೆ, ಮುಂದೆ ಜಗಲಿ, ಅಂಗಳದಾಚೆ ಗಾಳಿಮರದ ಸಾಲು, ಅದರ ಸಂದಿಯಲ್ಲಿ ನೀಲಿ ಗೆರೆಯಷ್ಟು ಕಡಲು. ಕೆಳಗೆ ‘ಸಿಕ್ಕಿತು’ ಎಂದು ಒಂದೇ ಶಬ್ದ. ಅಡ್ವಾನ್ಸ್ ಕೊಟ್ಟಿಲ್ಲ ತಾನೇ? ಕೊಟ್ಟಿದ್ದರೆ ಇಲ್ಲಿಗೇ ಓದು ನಿಲ್ಲಿಸು, ಇಬ್ಬರಿಗೂ ಸುಖ. ಕೊಟ್ಟಿಲ್ಲವಾದರೆ ಕಾಫಿ ಮಾಡಿಕೊಂಡು ಕೂತು ಓದು. ಫೋನಿನಲ್ಲಿ ಹೇಳಬಹುದಿತ್ತು, ಆದರೆ ನೀನು ನಡುವೆ ಬಾಯಿ ಹಾಕುತ್ತೀಯ.

ಆ ಮನೆಯಿಂದ ಅರ್ಧ ಕಿಲೋಮೀಟರ್ ದೂರದಲ್ಲಿ ನಾನು ಎರಡು ವರ್ಷ ಇದ್ದೆ. ನಿನಗೆ ಹೇಳಿರಲಿಲ್ಲ, ಹೇಳಿಕೊಂಡು ತಿರುಗುವಂಥ ಕಥೆಯಲ್ಲ ಅದು. ನಾನೂ ನಿನ್ನ ಹಾಗೆ ಡಿಸೆಂಬರಿನಲ್ಲೇ ಮನೆ ನೋಡಿದ್ದು. ಬೆಳಿಗ್ಗೆ ಏಳಕ್ಕೆ ಬ್ರೋಕರ್ ಕರೆದುಕೊಂಡು ಹೋಗಿದ್ದ. ದಂಡೆಯಲ್ಲಿ ಕೈರಂಪಣಿ ಎಳೆಯುತ್ತಿದ್ದರು. ಬಲೆಯ ಎರಡು ಹಗ್ಗಗಳನ್ನು ಎರಡು ಗುಂಪು ಹಿಡಿದು ಮರಳಿನಲ್ಲಿ ಹಿಮ್ಮಡಿ ಊರಿ ಹಿಂದಕ್ಕೆ ನಡೆಯುತ್ತಿತ್ತು. ಗುಂಪುಗಳು ಹತ್ತಿರ ಹತ್ತಿರ ಬಂದು ಕೊನೆಗೆ ಬಲೆಯ ಚೀಲ ದಡಕ್ಕೆ ಬಿತ್ತು. ಒಳಗೆ ಬೂತಾಯಿ ಮೀನು ಬೆಳ್ಳಿಯ ಚೂರುಗಳ ಹಾಗೆ ಹಾರುತ್ತಿತ್ತು. ಬಾಡಿಗೆ ಎಷ್ಟೆಂದು ಕೇಳುವ ಮೊದಲೇ ನಾನು ಸೋತಿದ್ದೆ. ಬ್ರೋಕರಿಗೂ ಅದು ಗೊತ್ತಾಗಿತ್ತು.

ಊರು ಚೆನ್ನಾಗಿಲ್ಲ ಎಂದು ನಾನು ಎಲ್ಲಿಯೂ ಹೇಳುವುದಿಲ್ಲ. ಒಂದು ಬದಿಗೆ ನಂದಿನಿ ಹೊಳೆ, ಇನ್ನೊಂದು ಬದಿಗೆ ಕಡಲು, ನಡುವೆ ಸಪೂರ ನೆಲದ ಪಟ್ಟಿ. ಬಡಗು ತುದಿಯಲ್ಲಿ ಶಾಂಭವಿಯೂ ಬಂದು ಸೇರಿ ಅಳಿವೆಯಾಗುತ್ತದೆ. ಅಲೆ ಒಳ್ಳೆಯದೆಂದೇ 2016ರಲ್ಲಿ ಸರ್ಫಿಂಗಿನ ರಾಷ್ಟ್ರಮಟ್ಟದ ಸ್ಪರ್ಧೆಯನ್ನು ಅಲ್ಲಿ ನಡೆಸಿದ್ದು. ಈಜು, ಓಟ, ಸೈಕಲ್ ಎಂದು ಸಾಯುವ ನಿನ್ನಂಥವನಿಗೆ ಹೇಳಿ ಮಾಡಿಸಿದ ಜಾಗ. ಆದರೆ ನಿನ್ನ ಕಚೇರಿ ಮಂಗಳೂರು ಪೇಟೆಯೊಳಗೆ, ಬಿಜೈಯಲ್ಲಿ, ಮಾರಾಯ.

ನನ್ನ ಕಚೇರಿ ಹಂಪನಕಟ್ಟೆಯ ಹತ್ತಿರ ಇತ್ತು. ಏಳೂವರೆಗೆ ಸ್ಕೂಟರಿನಲ್ಲಿ ಹೊರಟು ಮುಕ್ಕದ ಹೆದ್ದಾರಿ ಬದಿಯ ಅಂಗಡಿಯೊಂದರ ಹಿಂದೆ ಅದನ್ನು ನಿಲ್ಲಿಸಿ ಬಸ್ಸು ಹಿಡಿಯುತ್ತಿದ್ದೆ. ಸುರತ್ಕಲ್, ಹೊಸಬೆಟ್ಟು, ಕುಳಾಯಿ ತನಕ ಬಸ್ಸು ಓಡುತ್ತದೆ. ಬೈಕಂಪಾಡಿ ಬಂದರೆ ಕೈಗಾರಿಕೆಯ ಲಾರಿಗಳು, ಪಣಂಬೂರು ಬಂದರೆ ಬಂದರಿನ ಟ್ರಕ್ಕುಗಳು, ಗ್ಯಾಸ್ ಟ್ಯಾಂಕರುಗಳು. ಇವೆಲ್ಲ ಒಟ್ಟಾಗಿ ಕೂಳೂರಿನ ಸೇತುವೆಗೆ ಬರುತ್ತವೆ. ನಕ್ಷೆಯಲ್ಲಿ ನೀನು ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಅಳೆದಿರುತ್ತೀಯ. ಕೂಳೂರನ್ನು ಕಿಲೋಮೀಟರಿನಲ್ಲಿ ಅಳೆಯಲು ಬರುವುದಿಲ್ಲ. ಕಮಾನಿನ ಹಳೆಯ ಸೇತುವೆಯನ್ನು ನೋಡುತ್ತಾ ನಾನು ಕಳೆದ ಹೊತ್ತನ್ನು ಕೂಡಿಸಿದರೆ ಒಂದು ಭಾಷೆ ಕಲಿಯಬಹುದಿತ್ತು. ಕಲಿತದ್ದು ಇಷ್ಟೇ: ಒಳ್ಳೆಯ ದಿನ ಐವತ್ತು ನಿಮಿಷ, ಕೆಟ್ಟ ದಿನ ಒಂದೂಮುಕ್ಕಾಲು ಗಂಟೆ, ಮತ್ತು ಯಾವ ದಿನ ಕೆಟ್ಟದ್ದು ಎನ್ನುವುದು ಮುಕ್ಕದಲ್ಲಿ ಬಸ್ಸು ಹತ್ತುವಾಗ ಗೊತ್ತಾಗುವುದಿಲ್ಲ. ದಿನಾ ಒಂದು ಗಂಟೆ ಎಂದಿದ್ದರೆ ಸಹಿಸಬಹುದು. ಒಂಬತ್ತೂವರೆಗೆ ಮುಟ್ಟಬೇಕಾದವನು ಯಾವಾಗಲೂ ಕೆಟ್ಟ ದಿನದ ಲೆಕ್ಕದಲ್ಲೇ ಹೊರಡಬೇಕಾಗುತ್ತದೆ. ಹಾಗಾಗಿ ಬೆಳಗಿನ ಈಜು ಹೋಯಿತು.

ಸಂಜೆ ಇದೆಯಲ್ಲ ಎನ್ನುತ್ತೀಯ. ನಾನೂ ಹಾಗೇ ಅಂದುಕೊಂಡಿದ್ದೆ. ಕಡಲು ಕೈಗೆ ಸಿಗುವ ಕಾಲ ಯಾವುದು ಹೇಳು? ಅಕ್ಟೋಬರ್ ಕಳೆದು ಮಾರ್ಚ್ ತನಕ, ತಿಳಿ ನೀರು, ಸೌಮ್ಯ ಅಲೆ. ಅದೇ ತಿಂಗಳುಗಳಲ್ಲಿ ಹೊತ್ತು ಬೇಗ ಮುಳುಗುತ್ತದೆ. ನವೆಂಬರ್ ಕೊನೆಗೆ ಆರು ಗಂಟೆಗೆಲ್ಲ ಸೂರ್ಯ ನೀರಿಗಿಳಿಯುತ್ತಾನೆ, ನಾನಾಗ ಕೊಟ್ಟಾರ ಚೌಕಿಯಲ್ಲಿ ನೇತಾಡುತ್ತಿರುತ್ತೇನೆ. ಏಳು ಗಂಟೆಯ ತನಕ ಬೆಳಕಿರುವುದು ಜೂನಿನಲ್ಲಿ. ಆಗ ಕಡಲಿಗೆ ಕಾಲಿಡುವವನು ಹುಚ್ಚ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆಗೆ ರಜೆ. ಮರಿ ಮಾಡುವ ಕಾಲವೆಂದು ಕೊಡುವ ರಜೆ ಅದು, ಆದರೆ ಆ ಹೊತ್ತಿನ ಕಡಲನ್ನು ಒಮ್ಮೆ ನೋಡಿದರೆ ಬೇರೆ ಕಾರಣ ಬೇಕೆನಿಸುವುದಿಲ್ಲ. ಸೆಪ್ಟೆಂಬರ್ ದಾಟುವ ತನಕ ದಡದಲ್ಲಿ ನಿಂತು ನೋಡುವುದಷ್ಟೇ ನಮ್ಮ ಪಾಲು. ಎರಡು ವರ್ಷದಲ್ಲಿ ವಾರದ ದಿನ ನಾನು ಹಗಲು ಬೆಳಕಿನಲ್ಲಿ ಕಡಲಿಗಿಳಿದದ್ದು ಹನ್ನೊಂದು ಸಲ. ಡೈರಿಯಲ್ಲಿ ಬರೆದಿಟ್ಟಿದ್ದೇನೆ, ಅದರಲ್ಲಿ ಮೂರು ಸಲ ಜ್ವರವೆಂದು ರಜೆ ಹಾಕಿದ ದಿನ.

ಕೊನೆಯ ಜುಲೈಯ ಒಂದು ಸಂಜೆ ಹೇಳುತ್ತೇನೆ. ಕೊಟ್ಟಾರ ಚೌಕಿಯಲ್ಲಿ ಮೊಣಕಾಲುದ್ದ ನೀರು. ನಮ್ಮ ಬಸ್ಸು ಹೇಗೋ ದಾಟಿ ಕೂಳೂರಿನ ಈಚೆ ನಿಂತಿತು. ಕಿಟಕಿಗಳೆಲ್ಲ ಮುಚ್ಚಿವೆ, ಒಳಗೆ ಒದ್ದೆ ಬಟ್ಟೆಯ ಬೆವರು. ಮೇಲಿನ ಕಂಬಿಗೆ ಯಾರೋ ಕೊಡೆ ನೇತು ಹಾಕಿದ್ದರು. ಅದರ ತುದಿಯಿಂದ ಒಂದೊಂದೇ ತೊಟ್ಟು ನೀರು ನನ್ನ ಬಲಗಾಲಿನ ಶೂ ಮೇಲೆ ಬೀಳುತ್ತಿತ್ತು, ಲೇಸ್ ಕಟ್ಟಿದ ಜಾಗಕ್ಕೇ ಸರಿಯಾಗಿ. ಕಾಲು ಸರಿಸಲು ಜಾಗವಿಲ್ಲ. ಕಂಡಕ್ಟರ್ ‘ಪಿರ ಪೋಲೆ, ಪಿರ ಪೋಲೆ’ ಎಂದು ಹಿಂದಕ್ಕೆ ನೂಕುತ್ತಲೇ ಇದ್ದ. ಕಾಲ್ಚೀಲದೊಳಗೆ ತಣ್ಣಗೆ ಇಳಿಯುತ್ತಿದ್ದ ನೀರನ್ನೇ ಗಮನಿಸುತ್ತಾ ನಾನು ಐವತ್ತು ನಿಮಿಷ ನಿಂತೆ. ಮನೆ ತಲುಪಿದಾಗ ಕರೆಂಟಿಲ್ಲ. ಗಾಳಿಮರದಾಚೆ ಕಡಲು ಬೊಬ್ಬೆ ಹೊಡೆಯುತ್ತಿತ್ತು. ಅಂದೇ ರಾತ್ರಿ ಪೇಟೆಯೊಳಗೆ ಕದ್ರಿಯಲ್ಲಿರುವ ನನ್ನ ಭಾವನಿಗೆ ಫೋನ್ ಮಾಡಿ, ‘ಅಲ್ಲಿ ಎಲ್ಲಾದರೂ ಒಂದು ಕೋಣೆ ಇದೆಯಾ?’ ಎಂದು ಕೇಳಿದೆ.

ತುಕ್ಕಿನ ವಿಷಯ ಬರೆಯಲು ಹೋಗುವುದಿಲ್ಲ. ಸ್ಕೂಟರಿನ ಸೈಲೆನ್ಸರ್ ಎರಡನೇ ವರ್ಷ ಕೈಗೆ ಬಂತು, ಬಾವಿಯ ನೀರು ಏಪ್ರಿಲಿನಲ್ಲಿ ಸಪ್ಪೆ ಉಪ್ಪಾಗುತ್ತಿತ್ತು, ಅಷ್ಟು ಸಾಕು.

ಕದ್ರಿಗೆ ಬಂದ ಮೇಲೆ ಆದ ಸಂಗತಿ ಕೇಳು. ಕಚೇರಿಗೆ ಸ್ಕೂಟರಿನಲ್ಲಿ ಹತ್ತು ನಿಮಿಷ, ನಡೆದರೆ ಅರ್ಧ ಗಂಟೆ. ಬೆಳಿಗ್ಗೆ ಆರಕ್ಕೆ ಎದ್ದರೆ ಎಂಟೂವರೆ ತನಕದ ಹೊತ್ತು ನನ್ನದೇ. ಮಂಜುನಾಥ ದೇವಸ್ಥಾನದ ಹಿಂದಿನ ಕೆರೆಗಳ ಬದಿಯಿಂದ ಮೆಟ್ಟಿಲು ಹತ್ತಿ ಜೋಗಿ ಮಠದ ಗುಡ್ಡೆಗೆ ಹೋಗುತ್ತೇನೆ. ಮಳೆಗಾಲದಲ್ಲೂ, ಕೊಡೆ ಹಿಡಿದು, ಪಾಚಿಯ ಮೇಲೆ ಜಾಗ್ರತೆಯಿಂದ. ಕೆಲವು ದಿನ ಒಳಗೆ ಹೋಗಿ ಕ್ರಿ.ಶ. 968ರ ಆ ಲೋಕೇಶ್ವರನ ಕಂಚಿನ ವಿಗ್ರಹವನ್ನು ನೋಡಿ ಬರುತ್ತೇನೆ. ಸಾವಿರ ವರ್ಷದಿಂದ ಆಸನ ಬದಲಿಸದೆ ಕೂತವನ ಮುಂದೆ ಮನೆ ಬದಲಿಸಿದ ನನ್ನ ಚಿಂತೆ ಸಣ್ಣದಾಗಿ ಕಾಣುತ್ತದೆ.

ಕಡಲು? ಅದೂ ಹೆಚ್ಚಾಯಿತು, ನಂಬು. ಸಂಜೆ ಐದೂಕಾಲಿಗೆ ಹೊರಟರೆ ಬೋಳೂರಿನ ಸುಲ್ತಾನ್ ಬತ್ತೇರಿ. 1784ರಲ್ಲಿ ಟಿಪ್ಪು ಕಟ್ಟಿಸಿದ ಆ ಕಾವಲು ಬುರುಜಿನ ಹತ್ತಿರವೇ ಹೊಳೆ ದಾಟುವ ದೋಣಿ ಸಿಗುತ್ತದೆ. ಆಚೆ ತಣ್ಣೀರುಬಾವಿ, ನಡೆದರೆ ಕಡಲು. ರಸ್ತೆಯಲ್ಲಿ ಹೋಗಬೇಕೆಂದರೆ ಅಲ್ಲಿಗೂ ಕೂಳೂರು ಸುತ್ತಿಯೇ ಹೋಗಬೇಕು; ದೋಣಿಯಲ್ಲಿ ಕೆಲವೇ ನಿಮಿಷ. ಮಳೆಗಾಲದಲ್ಲಿ ದೋಣಿ ನಿಲ್ಲುತ್ತದೆ, ನಾನೂ ನಿಲ್ಲುತ್ತೇನೆ. ಕಡಲ ಬದಿಯಲ್ಲಿ ಮನೆ ಮಾಡಿಕೊಂಡಿದ್ದಾಗ ನೋಡಿದ್ದಕ್ಕಿಂತ ಹೆಚ್ಚು ಸೂರ್ಯಾಸ್ತಗಳನ್ನು ಬಾಡಿಗೆ ಕೋಣೆಯವನಾಗಿ ನೋಡಿದ್ದೇನೆ ಎಂದರೆ ನನ್ನ ಆ ಎರಡು ವರ್ಷದ ಬಾಡಿಗೆ ಯಾರಿಗೆ ಕಟ್ಟಿದ್ದು ಎಂದು ಯೋಚಿಸು.

ಮಂಗಳೂರನ್ನು ಕಡಲ ತಡಿಯ ಊರು ಎನ್ನುತ್ತೇವೆ, ಆದರೆ ಪೇಟೆಯಿಂದ ಕಡಲಿಗೆ ನೆಟ್ಟಗೆ ನಡೆದು ಹೋಗಲು ಆಗುವುದಿಲ್ಲ. ತೆಂಕಿಗೆ ನೇತ್ರಾವತಿ, ಬಡಗಿಗೆ ಫಲ್ಗುಣಿ. ಫಲ್ಗುಣಿ ಪಡುವಣದಲ್ಲೂ ಬಳಸಿಕೊಂಡು ಬಂದು ಬೆಂಗ್ರೆಯ ಅಳಿವೆಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಯಾವ ದಿಕ್ಕಿನ ದಂಡೆಗೆ ಹೋದರೂ ಒಂದು ನೀರು ದಾಟಲೇಬೇಕು. ಸೋಮೇಶ್ವರ, ಉಳ್ಳಾಲದ ಕಡೆ ಮನೆ ನೋಡಿದರೆ ಕೂಳೂರಿನ ಬದಲು ನೇತ್ರಾವತಿ ಸೇತುವೆ, ಪಂಪ್‌ವೆಲ್ ಮತ್ತು ನಂತೂರಿನ ವೃತ್ತಗಳು. ಮಂಡೆಬಿಸಿಯ ಹೆಸರು ಬದಲಾಗುತ್ತದೆ, ಅಷ್ಟೇ. ಸೇತುವೆಯನ್ನು ವಾರಕ್ಕೆ ಆರು ಸಲ ಕೆಲಸಕ್ಕಾಗಿ ದಾಟುವುದೋ, ಎರಡು ಸಲ ಕಡಲಿಗಾಗಿ ದಾಟುವುದೋ, ನೀನೇ ನೋಡು.

ನಿನಗೆ ನಾನು ಹೇಳುವುದು ಪದವಿನಂಗಡಿ, ಬೋಂದೇಲಿನ ಕಡೆ. ಕದ್ರಿ ನಿನ್ನ ಬಜೆಟ್ಟಿಗೆ ಬರುವುದಿಲ್ಲ; ನನಗೆ ಸಿಕ್ಕಿದ್ದೇ ಭಾವನ ಔದಾರ್ಯದಿಂದ. ಬೋಂದೇಲಿನಿಂದ ಬಿಜೈಗೆ ಸೇತುವೆಯೂ ಇಲ್ಲ, ನಂತೂರೂ ಇಲ್ಲ, ಯೆಯ್ಯಾಡಿಯ ಮೇಲೆ ಇಳಿದುಬಿಡಬಹುದು. ವಿಮಾನ ಹಿಡಿಯುವವರ ಕಾರುಗಳು ಇರುತ್ತವೆ, ಅದು ಬಿಟ್ಟರೆ ತೊಂದರೆಯಿಲ್ಲ. ಸೈಕಲ್ ತೆಗೆದುಕೊಂಡು ಬೆಳಿಗ್ಗೆ ಕಚೇರಿಗೆ ಬೆನ್ನು ಹಾಕಿ ಹೊರಟರೆ ಕಾವೂರು ದಾಟಿ ಮರವೂರು. ಅಲ್ಲಿ ಫಲ್ಗುಣಿ ಅಗಲವಾಗಿ ಹರಿಯುತ್ತದೆ, ಆಚೆಗೆ ಗದ್ದೆ, ತೋಟ. 2021ರ ಜೂನಿನಲ್ಲಿ ಕುಸಿದು ಸುದ್ದಿಯಾದ ಸೇತುವೆ ಅಲ್ಲಿಯದೇ. ರಜೆಯ ದಿನ ಇನ್ನೂ ಮುಂದೆ ಹೋದರೆ ಕಟೀಲು, ಅಥವಾ ಮೂಡಿಗೆ ತಿರುಗಿದರೆ ಪಿಲಿಕುಳದ ಕಾಡು ಮತ್ತು ಕೆರೆ. ಮಳೆಗಾಲದಲ್ಲಿ ಈಜದೆ ಇರಲಾಗದು ಎಂದಾದರೆ ಎಮ್ಮೆಕೆರೆಯಲ್ಲಿ ಈಜುಕೊಳವಿದೆ. ಕ್ಲೋರಿನ್ ವಾಸನೆಗೆ ಮೂಗು ಮುರಿಯಬೇಡ. ಆಟಿ ತಿಂಗಳ ಮಳೆಯಲ್ಲಿ ಅದೇ ಗತಿ.

ಇನ್ನು ನಿನ್ನ ಮನೆಯವರಿಗೆ ಮಣಿಪಾಲದ ಕೆಲಸ ಆಗುವ ಸಂಭವವಿದೆ ಎಂದಿದ್ದೀಯ. ಹಾಗಾದರೆ ಪಡುಬಿದ್ರಿಯಲ್ಲೋ ಮೂಲ್ಕಿಯಲ್ಲೋ ನಡುವೆ ಮನೆ ಮಾಡಿ ಇಬ್ಬರೂ ಅರ್ಧರ್ಧ ಹಂಚಿಕೊಳ್ಳುತ್ತೇವೆ ಎಂಬ ನಿನ್ನ ನ್ಯಾಯ ಕಾಗದದಲ್ಲಿ ಚಂದ. ಪಡುಬಿದ್ರಿಯ ಕಡಲ ತೀರಕ್ಕೆ 2020ರಲ್ಲಿ ಸ್ವಚ್ಛ ತೀರಕ್ಕೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿದೆ, ಅದೂ ನಿನ್ನ ತಲೆಯಲ್ಲಿ ಇರಬೇಕು. ಆದರೆ ಆಗ ದಣಿದು ಬರುವವರು ಒಬ್ಬರಲ್ಲ, ಇಬ್ಬರು. ರೈಲನ್ನೂ ಲೆಕ್ಕಕ್ಕೆ ಹಿಡಿಯಬೇಡ. ಕೊಂಕಣ ರೈಲ್ವೆ ಗೋವೆ, ಮುಂಬೈ ಎಂದು ದೂರ ಹೋಗುವವರ ದಾರಿ. ಬೆಳಿಗ್ಗೆ ಕಚೇರಿಗೆ ಹೋಗುವವನಿಗೆ ಅರ್ಧ ಗಂಟೆಗೊಂದು ಗಾಡಿ ಅಲ್ಲಿಲ್ಲ. ನಿನಗೆ ವಾರಕ್ಕೆ ಮೂರು ದಿನ ಹಾಜರಿ ಸಾಕು, ಅವರು ಆರು ದಿನವೂ ಎಂಟು ಗಂಟೆಗೆ ಇರಬೇಕು. ಹಾಗಾದರೆ ಮಣಿಪಾಲಕ್ಕೇ ಹೋಗಿ, ಪರ್ಕಳದ ಕಡೆ ಹುಡುಕಿ. ಮೂರು ದಿನ ನೀನು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಒಂದೂವರೆ ಗಂಟೆ ನಿದ್ದೆ ಮಾಡು, ಉಳಿದ ದಿನ ಬೆಳಿಗ್ಗೆ ಮಣ್ಣಪಳ್ಳದ ಕೆರೆಯ ಸುತ್ತ ಓಡು, ಸಂಜೆ ಎಂಡ್ ಪಾಯಿಂಟಿನಲ್ಲಿ ನಿಂತು ಕೆಳಗೆ ಸ್ವರ್ಣೆ ಹರಿಯುವುದನ್ನು ನೋಡು. ಮಲ್ಪೆ ದೂರವಲ್ಲ. ನಿಜ ಹೇಳಬೇಕೆಂದರೆ ಹೊರಗೆ ತಿರುಗುವವರಿಗೆ ಮಂಗಳೂರಿಗಿಂತ ಮಣಿಪಾಲವೇ ವಾಸಿ. ಮಂಗಳೂರಿನವನಾಗಿ ಇದನ್ನು ಬರೆಯಲು ನನಗೆ ಸಂಕಟವಾಗುತ್ತದೆ, ಯಾರಿಗೂ ತೋರಿಸಬೇಡ.

ಆದರೆ ಯಾವುದನ್ನೂ ಈಗ ನಿರ್ಧರಿಸಬೇಡ. ಜನವರಿಯಲ್ಲಿ ಇಲ್ಲಿ ಯಾವ ಮನೆ ನೋಡಿದರೂ ಚೆಂದವೇ. ಏಪ್ರಿಲಿನಲ್ಲಿ ಕೆಲಸಕ್ಕೆ ಸೇರುವಾಗ ಕಚೇರಿಯ ಹತ್ತಿರ ಎರಡು ತಿಂಗಳಿಗೆ ಒಂದು ರೂಮ್ ಹಿಡಿ. ಜೂನಿನಲ್ಲಿ ಮಳೆ ಕೂತ ಮೇಲೆ, ಒಂದು ಸೋಮವಾರ, ನಾವಿಬ್ಬರೂ ಬೆಳಿಗ್ಗೆ ಸಸಿಹಿತ್ಲಿಗೆ ಹೋಗೋಣ. ಆ ಹೆಂಚಿನ ಮನೆಯ ಜಗಲಿಯಲ್ಲಿ ನಿಂತು ಕಡಲು ನೋಡೋಣ, ಆಮೇಲೆ ಎಂಟೂಕಾಲರ ಬಸ್ಸಿಗೆ ಮುಕ್ಕದಲ್ಲಿ ಹತ್ತೋಣ. ಬಿಜೈಯಲ್ಲಿ ಇಳಿದಾಗಲೂ ‘ಸಿಕ್ಕಿತು’ ಎಂದೇ ಹೇಳಿದರೆ ಅಡ್ವಾನ್ಸಿಗೆ ಕಡಿಮೆ ಬಿದ್ದ ಹಣ ನಾನು ಕೊಡುತ್ತೇನೆ.

ಬರುವಾಗ ಬೆಂಗಳೂರಿನ ಆ ಮಡಚುವ ಕೊಡೆ ತರಬೇಡ, ಮೊದಲ ಗಾಳಿಗೇ ಮಗುಚುತ್ತದೆ. ಉದ್ದ ಕೋಲಿನವು ನನ್ನಲ್ಲಿ ಎರಡಿವೆ. ಚಪ್ಪಲಿ ಹಾಕಿಕೊಂಡು ಬಾ, ಶೂ ಬೇಡ.

ನಿನ್ನ,
ಕದ್ರಿಯ ಗೆಳೆಯ