ಬೈಹಕಿಯ ಪುಟದಿಂದ ಆರಂಭಿಸು

ಪ್ರಿಯ ಯುವಮಿತ್ರನಿಗೆ,

ಮಧ್ಯಯುಗದ ಪರ್ಷಿಯನ್ ಚರಿತ್ರೆಕಾರರ ಸಹಿಷ್ಣುತೆಯನ್ನು ಕುರಿತ ನಿನ್ನ ಲೇಖನವನ್ನು ಎರಡು ಸಲ ಓದಿದೆ. ಅಕ್ಬರನ ಆಸ್ಥಾನದ ಚರಿತ್ರೆಕಾರ ಅಬುಲ್ ಫಜಲನ ‘ಸುಲ್ಹ್-ಇ-ಕುಲ್’ನಿಂದ, ಅಂದರೆ ಎಲ್ಲರೊಡನೆ ಶಾಂತಿ ಎಂಬ ಮಾತಿನಿಂದ ಹೊರಟು, ಹಿಂದಿನ ಶತಮಾನಗಳಲ್ಲಿ ಉದಾರವಾದ ಮಾತು ಸಿಕ್ಕಲ್ಲೆಲ್ಲ ಆಯ್ದುಕೊಂಡು ಬಂದಿದ್ದೀಯೆ. ಪಟ್ಟ ಶ್ರಮ ಕಾಣುತ್ತದೆ. ಆದರೆ ಆ ಮಾತನ್ನು ಆಡಿದವನು ಯಾರು, ಯಾರ ಅನ್ನ ಉಂಡವನು ಎಂಬುದು ಎಲ್ಲಿಯೂ ಇಲ್ಲ.

ಸಹಿಷ್ಣುತೆ ಎಂಬ ನಮ್ಮ ಪದವನ್ನು ಕೆಲವು ದಿನ ಬದಿಗಿಡು. ಆ ಬರಹಗಾರರು ಬಳಸಿದ ಪದ ‘ತಅಸ್ಸುಬ್’. ನೀನು ಅದನ್ನು ಮತಾಂಧತೆ ಎಂದು ಅನುವಾದಿಸಿ ಮುಂದೆ ಹೋಗಿದ್ದೀಯೆ. ಕುಲಬಾಂಧವರ ಕೂಟವನ್ನು ಹೇಳುವ ಅರಬ್ಬಿ ಧಾತುವಿನಿಂದ ಬಂದ ಪದ ಅದು. ನಮ್ಮವರು ಎಂಬ ಒಂದೇ ಕಾರಣಕ್ಕೆ ಒಂದು ಪಕ್ಷಕ್ಕೆ ಕಟ್ಟುಬೀಳುವ ಭಾವ ಅದರಲ್ಲಿದೆ.

ಹನ್ನೊಂದನೆಯ ಶತಮಾನದಲ್ಲಿ ಗಜ್ನಿಯ ಆಸ್ಥಾನದಲ್ಲಿ ಕಾರ್ಯದರ್ಶಿಯಾಗಿದ್ದ ಚರಿತ್ರೆಕಾರ ಬೈಹಕಿಯನ್ನು ನೀನು ಬಿಟ್ಟೇಬಿಟ್ಟಿದ್ದೀಯೆ. ಅದು ನನಗೆ ನೋವು ತಂದಿತು. ಗಜ್ನಿಯ ದೊರೆ ಮಹಮೂದನ ವಜೀರ ಹಸನಕ್ ಹಜ್ ಮುಗಿಸಿ ಮರಳುವಾಗ ಈಜಿಪ್ಟಿನ ಫಾತಿಮಿ ಖಲೀಫನ ಉಡುಗೊರೆಯ ನಿಲುವಂಗಿಯನ್ನು ಸ್ವೀಕರಿಸಿದ್ದ. ಫಾತಿಮಿಗಳ ವೈರಿಯಾದ ಬಾಗ್ದಾದಿನ ಖಲೀಫನಿಗೆ ಅಷ್ಟೇ ಸಾಕಾಯಿತು, ಹಸನಕ್ ಕರ್ಮಾತಿ, ಅಂದರೆ ಇಸ್ಮಾಯಿಲಿ ಶಿಯಾ ಪಂಥದ ಪಾಷಂಡಿ ಎಂದ. ಅವನು ಕರ್ಮಾತಿಯಾದರೆ ನಾನೂ ಕರ್ಮಾತಿಯೇ ಎಂದು ಮಹಮೂದ್ ಉತ್ತರಿಸಿದನಂತೆ! ಮಹಮೂದ್ ತೀರಿಕೊಂಡು ಅವನ ಮಗ ಮಸೂದ್ ಪಟ್ಟವೇರಿದ ಮೇಲೆ, 1032ರಲ್ಲಿ, ಬಲ್ಖ್‌ನಲ್ಲಿ ಹಸನಕ್‌ನನ್ನು ಗಲ್ಲಿಗೇರಿಸಿದರು. ಪಟ್ಟದ ಪೈಪೋಟಿಯಲ್ಲಿ ಅವನು ಮಸೂದನ ಎದುರು ಪಕ್ಷದಲ್ಲಿದ್ದ. ಧರ್ಮದ್ರೋಹದ ಆರೋಪ ಎಷ್ಟು ಸುಲಭವಾಗಿ ಕೈಗೆ ಬಂತು ನೋಡು. ಕಲ್ಲೆಸೆಯಿರಿ ಎಂದಾಗ ಜನ ಕೈ ಎತ್ತಲಿಲ್ಲ, ಅಳುತ್ತಿದ್ದರು. ಕೊನೆಗೆ ಪುಂಡರಿಗೆ ದುಡ್ಡು ಕೊಟ್ಟು ಎಸೆಯಿಸಿದರು.

ಇದನ್ನು ಕಾಲು ಶತಮಾನ ಕಳೆದ ಮೇಲೆ ಬರೆಯಲು ಕುಳಿತ ಬೈಹಕಿ ಆರಂಭದಲ್ಲೇ ಒಂದು ಮಾತು ಕೊಡುತ್ತಾನೆ: ತಅಸ್ಸುಬ್‌ಗೆ ಎಳೆಯುವ, ಈ ಮುದುಕನಿಗೆ ನಾಚಿಕೆಯಾಗಬೇಕು ಎಂದು ಓದುಗರು ಹೇಳುವಂಥ ಮಾತನ್ನು ಬರೆಯುವುದಿಲ್ಲ. ಹಸನಕ್‌ನ ಸಾವಿಗೆ ಪಟ್ಟುಹಿಡಿದ ಮಸೂದನ ಅಧಿಕಾರಿ ಬೂಸಹ್ಲ್ ಬೈಹಕಿಗೂ ಕೇಡು ಮಾಡಿದ್ದವನು. ಆದರೂ ಬೂಸಹ್ಲ್ ಒಳ್ಳೆಯ ಮನೆತನದವನು, ವಿದ್ವಾಂಸ, ಸಾಹಿತ್ಯ ಬಲ್ಲವನು ಎಂದು ಮೊದಲು ಬರೆದು, ಅವನ ಸ್ವಭಾವದ ಕ್ರೌರ್ಯಕ್ಕೆ ಆಮೇಲೆ ಬರುತ್ತಾನೆ. ನೀನು ಹುಡುಕುತ್ತಿರುವುದು ಈ ವಾಕ್ಯಗಳ ಕ್ರಮದಲ್ಲಿದೆ. ಅದನ್ನು ಉಲ್ಲೇಖವಾಗಿ ಕಿತ್ತು ತರಲಾಗದು, ಕಥೆಯನ್ನೇ ಹೇಳಬೇಕು.

ಹದಿಮೂರನೆಯ ಶತಮಾನದ ಚರಿತ್ರೆಕಾರ ಜುವೈನಿಯ ಮಾತಿಗೆ ಬರುತ್ತೇನೆ. ಚೆಂಗೀಸ್ ಖಾನ್ ಯಾವ ಧರ್ಮಕ್ಕೂ ಸೇರದವನಾದ್ದರಿಂದ ತಅಸ್ಸುಬ್‌ನಿಂದ ದೂರವಿದ್ದ ಎಂಬ ವಾಕ್ಯವನ್ನು ನೀನು ಮೆಚ್ಚಿ ಎತ್ತಿಕೊಂಡಿದ್ದೀಯೆ. ಬರೆದವನು ಮಂಗೋಲರ ಅಧಿಕಾರಿ. 1256ರಲ್ಲಿ ಇಸ್ಮಾಯಿಲಿಗಳ ಅಲಮೂತ್ ಕೋಟೆ ಬಿದ್ದಾಗ ಅಲ್ಲಿನ ಗ್ರಂಥಾಲಯಕ್ಕೆ ಹೋಗಿ ಕುರಾನ್ ಪ್ರತಿಗಳನ್ನೂ ಖಗೋಳ ಉಪಕರಣಗಳನ್ನೂ ಉಳಿಸಿಕೊಂಡು, ಅವರ ಮತಗ್ರಂಥಗಳನ್ನು ಸುಟ್ಟವನೂ ಅವನೇ. ಹಾಗೆಂದು ಅವನನ್ನು ಆಷಾಢಭೂತಿ ಎಂದು ಬರೆದುಬಿಡಬೇಡ. ಅಲಮೂತನ್ನು ಇಸ್ಮಾಯಿಲಿಗಳ ನೆಲೆ ಮಾಡಿದ ನಾಯಕ ಹಸನ್ ಸಬ್ಬಾಹನ ಜೀವನಚರಿತ್ರೆಯನ್ನು ಮಾತ್ರ ಅವನು ಸುಡಲಿಲ್ಲ. ಶಪಿಸುತ್ತಲೇ ತನ್ನ ಗ್ರಂಥಕ್ಕೆ ಬಳಸಿಕೊಂಡ, ಹಾಗಾಗಿ ನಮಗೆ ದಕ್ಕಿತು. ಈ ಎರಡನ್ನೂ ಒಂದೇ ಪುಟದಲ್ಲಿ ಬರೆಯುವ ಧೈರ್ಯ ಮಾಡು.

ಹಸನಕ್‌ನ ತಾಯಿಗೆ ಸುದ್ದಿ ಮುಟ್ಟಿದ್ದು ಎರಡು ಮೂರು ತಿಂಗಳ ಬಳಿಕ. ಎಂಥ ದೊಡ್ಡವನು ನನ್ನ ಮಗ, ಮಹಮೂದನಂಥ ದೊರೆ ಅವನಿಗೆ ಇಹವನ್ನು ಕೊಟ್ಟ, ಮಸೂದನಂಥ ದೊರೆ ಪರವನ್ನು ಕೊಟ್ಟ ಎಂದಳಂತೆ. ಲೇಖನವನ್ನು ಅವಳಿಂದ ಆರಂಭಿಸಿ ನನಗೆ ಮತ್ತೆ ಕಳುಹಿಸು. ಅಬುಲ್ ಫಜಲ್ ಕೊನೆಯಲ್ಲಿ ಬಂದರೆ ಸಾಕು.

ಪ್ರೀತಿಯಿಂದ,
ನಿನ್ನ ಹಿರಿಯ ಗೆಳೆಯ