ಹೆರಿಗೆ ಕೊಠಡಿಗೆ ಫಾರ್ಮಸಿಸ್ಟರೂ ಬರಲಿ

ಮಾನ್ಯ ಸಂಪಾದಕರೇ,

ಹೆರಿಗೆ ನೋವನ್ನು ತಗ್ಗಿಸಲು ಬೆನ್ನಿನ ಮೂಲಕ ಮದ್ದು ಕೊಡುವ ಎಪಿಡ್ಯೂರಲ್ ಬಗ್ಗೆ ಮಂಗಳೂರು, ಉಡುಪಿ ಕಡೆಯ ಗರ್ಭಿಣಿಯರು ಈಗ ತಾವಾಗಿಯೇ ವೈದ್ಯರಲ್ಲಿ ವಿಚಾರಿಸುವುದುಂಟು. ಬಯಸುವ ಆರೋಗ್ಯವಂತ ಗರ್ಭಿಣಿಗೆ ಅದನ್ನು ನೀಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯೂ 2018ರಲ್ಲಿ ಶಿಫಾರಸು ಮಾಡಿದೆ. ಆದರೆ ನಮ್ಮಲ್ಲಿ ಚರ್ಚೆಯೆಲ್ಲ ಅರಿವಳಿಕೆ ತಜ್ಞರ ಲಭ್ಯತೆ ಮತ್ತು ಖರ್ಚಿನ ಸುತ್ತಲೇ ನಡೆಯುತ್ತಿದ್ದು, ಮದ್ದಿನ ಸುರಕ್ಷತೆಯ ವಿಚಾರ ಹಿಂದುಳಿದಿದೆ.

ಎಪಿಡ್ಯೂರಲ್‌ಗೆ ಸಾಮಾನ್ಯವಾಗಿ ಬಳಸುವುದು ಶೇ 0.1 ಅಥವಾ ಅದಕ್ಕೂ ಕಡಿಮೆ ಸಾಂದ್ರತೆಯ ಬ್ಯುಪಿವಕೇನ್ ಎಂಬ ಮರಗಟ್ಟಿಸುವ ಮದ್ದು ಮತ್ತು ಅತ್ಯಲ್ಪ ಪ್ರಮಾಣದ ಫೆಂಟನಿಲ್ ಎಂಬ ಪ್ರಬಲ ನೋವುನಿವಾರಕ. ಈ ಪ್ರಮಾಣದಲ್ಲಿ ನೋವು ಇಳಿಯುತ್ತದೆ, ಕಾಲಿನ ಬಲ ಅಷ್ಟಾಗಿ ಕುಂದುವುದಿಲ್ಲ. ಆದರೆ ಬ್ಯುಪಿವಕೇನ್ ಹೆಚ್ಚಿನ ಪ್ರಮಾಣದಲ್ಲಿ ತಪ್ಪಿ ರಕ್ತನಾಳ ಸೇರಿದರೆ ಹೃದಯವೇ ಸ್ತಂಭಿಸಬಹುದು. ಆಗ ಬೇಕಾಗುವ ಶೇ 20ರ ಲಿಪಿಡ್ ಎಮಲ್ಷನ್ (ರಕ್ತನಾಳಕ್ಕೆ ಕೊಡುವ ಕೊಬ್ಬಿನ ದ್ರಾವಣ) ಕೈಗೆಟಕುವಲ್ಲಿ ಇರಬೇಕೇ ಹೊರತು ನೆಲಮಹಡಿಯ ಔಷಧಾಲಯದಲ್ಲಿದ್ದು ಪ್ರಯೋಜನವಿಲ್ಲ.

ಇದಕ್ಕಿಂತಲೂ ಕಳವಳಕಾರಿಯಾದುದು ಆಂಪ್ಯೂಲ್‌ಗಳ, ಅಂದರೆ ಚುಚ್ಚುಮದ್ದಿನ ಪುಟ್ಟ ಸೀಸೆಗಳ ಹೋಲಿಕೆ. ಹೆರಿಗೆಯ ಬಳಿಕದ ರಕ್ತಸ್ರಾವಕ್ಕೆ ಕೊಡುವ ಟ್ರಾನೆಕ್ಸಾಮಿಕ್ ಆಸಿಡ್ ಕೆಲವೊಮ್ಮೆ ಬ್ಯುಪಿವಕೇನ್‌ನಂಥದೇ ಆಂಪ್ಯೂಲ್‌ನಲ್ಲಿ ಬರುತ್ತದೆ. ಅದನ್ನು ಬೆನ್ನಿಗೆ ತಪ್ಪಾಗಿ ಚುಚ್ಚಿ ಜೀವಕ್ಕೇ ಎರವಾದ ಪ್ರಕರಣಗಳು ಹಲವು ದೇಶಗಳಿಂದ ವರದಿಯಾದುದರಿಂದ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಕೆ ನೀಡಬೇಕಾಯಿತು. ಇವೆರಡನ್ನೂ ಬೇರೆ ಬೇರೆ ಕಡೆ ಇಟ್ಟು ಸ್ಪಷ್ಟವಾಗಿ ಲೇಬಲ್ ಹಚ್ಚುವುದಕ್ಕೆ ದೊಡ್ಡ ಅನುದಾನವೇನೂ ಬೇಡ. ಹಾಗೆಂದು ರಾತ್ರಿ ಪಾಳಿಯಲ್ಲಿ ಏಕಕಾಲಕ್ಕೆ ಹಲವು ಹೆರಿಗೆಗಳನ್ನು ನೋಡಿಕೊಳ್ಳುವ ನರ್ಸ್ ಮೇಲೆಯೇ ಈ ಹೊಣೆಯನ್ನೂ ಹೊರಿಸುವುದು, ತಪ್ಪಾದಾಗ ಅವರನ್ನೇ ದೂರುವುದು ನ್ಯಾಯವಲ್ಲ.

ಖರೀದಿಯ ಹಂತದಲ್ಲೇ ಇಂಥ ಹೋಲಿಕೆಯನ್ನು ಗುರುತಿಸಬಲ್ಲವರು ಫಾರ್ಮಸಿಸ್ಟರು. ಮದ್ದು ಕೊಟ್ಟ ಮೇಲೆ ತಾಯಿಯ ರಕ್ತದೊತ್ತಡ ಕುಸಿದುದನ್ನೋ ಮಗುವಿನ ಎದೆಬಡಿತ ಬದಲಾದುದನ್ನೋ ಮೊದಲು ಕಾಣುವವರು ನರ್ಸ್‌ಗಳು. ಇವರ ನಡುವಿನ ವ್ಯವಹಾರ ಮದ್ದಿನ ಬೇಡಿಕೆ ಬರೆಯುವ ಇಂಡೆಂಟ್ ಪುಸ್ತಕಕ್ಕೆ ಸೀಮಿತವಾದರೆ ಒಬ್ಬರಿಗೆ ತಿಳಿದದ್ದು ಇನ್ನೊಬ್ಬರಿಗೆ ತಲುಪುವುದಿಲ್ಲ. ಫೆಂಟನಿಲ್ ಮಾದಕ ವಸ್ತು ಕಾಯ್ದೆಯ ವ್ಯಾಪ್ತಿಯಲ್ಲಿರುವುದರಿಂದ ಅದರ ದಾಸ್ತಾನು, ಬಳಕೆ, ಉಳಿಕೆಗಳ ಲೆಕ್ಕವನ್ನು ಹೇಗೂ ಇಡಲೇಬೇಕು. ಆ ನೆಪದಲ್ಲಾದರೂ ಇಬ್ಬರೂ ದಿನಕ್ಕೊಮ್ಮೆ ಕಪಾಟಿನ ಮುಂದೆ ಜೊತೆಯಾಗಿ ನಿಲ್ಲಬಹುದು.

ದೇಶದಲ್ಲಿ ಫಾರ್ಮ್ ಡಿ (ಡಾಕ್ಟರ್ ಆಫ್ ಫಾರ್ಮಸಿ) ಕೋರ್ಸ್ ಆರಂಭವಾದದ್ದು 2008ರಲ್ಲಿ, ರೋಗಿಯ ಹಾಸಿಗೆಯ ಬಳಿ ಕೆಲಸ ಮಾಡಬಲ್ಲ ಫಾರ್ಮಸಿಸ್ಟರನ್ನು ರೂಪಿಸುವುದಕ್ಕಾಗಿ. ಫಾರ್ಮಸಿ, ನರ್ಸಿಂಗ್ ಕಾಲೇಜುಗಳಿಗೆ ಹೆಸರಾದ ನಮ್ಮ ಅವಳಿ ಜಿಲ್ಲೆಗಳಲ್ಲಿ ಈ ವಿದ್ಯಾರ್ಥಿಗಳನ್ನು ಹೆರಿಗೆ ವಿಭಾಗಕ್ಕೂ ನಿಯೋಜಿಸಿ, ನರ್ಸ್‌ಗಳೊಂದಿಗೆ ಜಂಟಿ ತರಬೇತಿ ನೀಡುವ ಕುರಿತು ಕಾಲೇಜುಗಳ ಆಡಳಿತ ಮಂಡಳಿಗಳೂ ಜಿಲ್ಲಾ ಆರೋಗ್ಯಾಧಿಕಾರಿಗಳೂ ಮುಂದಿನ ಶೈಕ್ಷಣಿಕ ವರ್ಷಕ್ಕೆ ಮೊದಲೇ ನಿರ್ಧರಿಸಬೇಕಾಗಿ ಕೋರುತ್ತೇನೆ.

– ನಿವೃತ್ತ ಶುಶ್ರೂಷಕಿ, ಕುಂಜಿಬೆಟ್ಟು, ಉಡುಪಿ